ಮಂಡಿಯಿಲ್ಲದ ರಾಜಕುಮಾರಿ

ಗೇಮ್ ಡಿಸೈನ್ ಓದುವ ಹುಡುಗ ಕೊನೆಯ ವರ್ಷದ ಮೊದಲ ರಿವ್ಯೂಗೆ ಇಡೀ ಕುರುಕ್ಷೇತ್ರವನ್ನೇ ಹೊತ್ತು ಬರುತ್ತಾನೆ. ಹದಿನೆಂಟು ಅಕ್ಷೌಹಿಣಿ ಸೈನ್ಯ, ಓಪನ್ ವರ್ಲ್ಡ್, ಸೂರ್ಯಾಸ್ತ, ಮಳೆ, ಆನ್‌ಲೈನಿನಲ್ಲಿ ನಾಲ್ವರು ಕೂಡಿ ಆಡುವ ಏರ್ಪಾಡು. ಗೈಡ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಒಂದು ಅಕ್ಷೌಹಿಣಿ ಎಂದರೇನೇ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಹುಡುಗನ ಲ್ಯಾಪ್‌ಟಾಪಾದರೋ ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಒಂದೇ ಒಂದು ಆನೆಯ ಸೊಂಡಿಲು ಆಡಿಸುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ.

ಎರಡನೇ ರಿವ್ಯೂ ಹೊತ್ತಿಗೆ ಆನೆಗಳು ಕಾಡಿಗೆ ಹೋಗಿರುತ್ತವೆ. ಮೂರನೆಯದಕ್ಕೆ ಕುದುರೆಗಳೂ ಇಲ್ಲ. ನಾಲ್ಕು ಕಾಲಿನ ಪ್ರಾಣಿಯನ್ನು ನೆಟ್ಟಗೆ ನಡೆಸುವುದು ಎಷ್ಟು ಕಷ್ಟವೆಂದು ಅನಿಮೇಷನ್ ಮಾಡಿದವರನ್ನೇ ಕೇಳಬೇಕು. ಸಬ್ಮಿಷನ್ ದಿನ ಉಳಿದಿರುವವನು ಅಭಿಮನ್ಯು ಒಬ್ಬನೇ, ಚಕ್ರವ್ಯೂಹದೊಳಗೆ. ಹೊರಗೆ ಬರುವ ದಾರಿಯ ಕೋಡ್ ಬರೆಯಲು ಪುರುಸೊತ್ತಾಗಿಲ್ಲ.

“ಆಚೆ ಹೇಗಪ್ಪಾ ಬರೋದು?” ಎನ್ನುತ್ತಾರೆ ಹೊರಗಿನಿಂದ ಬಂದ ಎಕ್ಸಾಮಿನರ್.

“ಬರಕ್ಕಾಗಲ್ಲ ಸರ್. ಕಥೇನೇ ಹಂಗಿದೆ.”

ಹುಡುಗ ಡಿಸೈನರ್ ಆಗುವುದು ಆ ಗಳಿಗೆಯಲ್ಲಿ. ಇದು ಕುಹಕದ ಮಾತಲ್ಲ. ವಿದ್ಯಾರ್ಥಿಗಳು ಮಾಡಿ ಹೆಸರಾದ ಗೇಮ್‌ಗಳನ್ನು ತೆಗೆದು ನೋಡಿದರೆ ಬಹುಪಾಲು ಎಲ್ಲದರಲ್ಲೂ ಏನೋ ಒಂದು ಇಲ್ಲ. ಆ ಇಲ್ಲದ್ದರ ಸುತ್ತಲೇ ಆಟ ಕಟ್ಟಿದ್ದಾರೆ.

ಅಮೆರಿಕದ ರೆಡ್ಮಂಡ್‌ನಲ್ಲಿ ಡಿಜಿಪೆನ್ ಎಂಬ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬಾಕ್ಯುಲರ್ ಡ್ರಾಪ್’ ಎಂಬ ಗೇಮ್ ಮಾಡಿದರು. ಅದರ ನಾಯಕಿ ರಾಕ್ಷಸನ ಸೆರೆಯಲ್ಲಿರುವ ರಾಜಕುಮಾರಿ. ಹೆಸರೇ ‘ನೋ-ನೀಸ್’, ಅಂದರೆ ಮಂಡಿಯಿಲ್ಲದವಳು. ಮಂಡಿಯಿಲ್ಲದ ಮೇಲೆ ಜಿಗಿಯುವುದೆಲ್ಲಿಂದ ಬಂತು? ಹಾಗಾಗಿ ಗೋಡೆಯಲ್ಲೊಂದು ಬಾಗಿಲು ತೆರೆದು ಮತ್ತೊಂದು ಗೋಡೆಯ ಬಾಗಿಲಿನಿಂದ ಹೊರಬೀಳುವುದೇ ಅವಳ ಗತಿ. ಕಾಲೇಜಿನ ಉದ್ಯೋಗ ಮೇಳದಲ್ಲಿ ಇದು ವಾಲ್ವ್ ಕಂಪನಿಯವರ ಕಣ್ಣಿಗೆ ಬಿತ್ತು. ಅವರು ಹುಡುಗರನ್ನು ಕಚೇರಿಗೆ ಕರೆಸಿ ಆಡಿಸಿ ನೋಡಿ, ಕಿಮ್ ಸ್ವಿಫ್ಟ್ ಸೇರಿದಂತೆ ತಂಡಕ್ಕೆ ತಂಡವನ್ನೇ ಕೆಲಸಕ್ಕೆ ಇಟ್ಟುಕೊಂಡರು. 2007ರಲ್ಲಿ ಅದೇ ಬಾಗಿಲುಗಳು ‘ಪೋರ್ಟಲ್’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾದವು. ಅದೇ ಕಾಲೇಜಿನ ಇನ್ನೊಂದು ತಂಡ ಬಣ್ಣ ಎರಚಿ ಓಡುವ, ಪುಟಿಯುವ ‘ಟ್ಯಾಗ್’ ಮಾಡಿತು; ಅವರನ್ನೂ ವಾಲ್ವ್ ಕರೆದುಕೊಂಡಿತು, ಆ ಬಣ್ಣಗಳು 2011ರ ‘ಪೋರ್ಟಲ್ 2’ಕ್ಕೆ ಬಂದು ಸೇರಿದವು.

ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದವರು 2010ರಲ್ಲಿ ಮಾಡಿದ ‘ಆಕ್ಟೊಡ್ಯಾಡ್’ನ ನಾಯಕನಿಗೆ ಮಂಡಿ ಹಾಗಿರಲಿ, ಮೂಳೆಯೇ ಇಲ್ಲ. ಅವನೊಂದು ಅಷ್ಟಪದಿ, ಸೂಟು ಹಾಕಿಕೊಂಡು ಹೆಂಡತಿ ಮಕ್ಕಳ ಮುಂದೆ ಮನುಷ್ಯನಂತೆ ಸಂಸಾರ ಮಾಡುತ್ತಾನೆ. ಕಾಲೆತ್ತಿದರೆ ಕುರ್ಚಿ ಬೀಳುತ್ತದೆ. ಬೇರೆ ಗೇಮ್‌ನಲ್ಲಾಗಿದ್ದರೆ ‘ಕಂಟ್ರೋಲ್ ಸರಿಯಿಲ್ಲ’ ಎಂದು ಮಾರ್ಕ್ಸ್ ಕಡಿಯುವ ಸಂಗತಿ ಇಲ್ಲಿ ಆಟದ ಜೀವಾಳ.

ಸೌರಮಂಡಲವೇ ಬೇಕೆಂದು ಹಟ ಹಿಡಿದವರೂ ಉಂಟು. ಅಲೆಕ್ಸ್ ಬೀಚಮ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಾಜೆಕ್ಟಾಗಿ ಶುರುಮಾಡಿದ ‘ಔಟರ್ ವೈಲ್ಡ್ಸ್’ ಪೂರ್ತಿಯಾಗಿ ಬಿಡುಗಡೆಯಾದದ್ದು 2019ರಲ್ಲಿ. ಅಲ್ಲೂ ಗ್ರಹಗಳು ಊರಗಲದವು, ಇಪ್ಪತ್ತೆರಡು ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮೊದಲಿನಿಂದ ಶುರು. ಸಬ್ಮಿಷನ್ ಹಿಂದಿನ ರಾತ್ರಿ ಕಂಡವರಿಗೆ ಇದೇನೂ ಕಲ್ಪನೆಯಲ್ಲ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಸಿದ್ಧ ಪ್ರಾಜೆಕ್ಟ್ ಕೊಡುವ ಅಂಗಡಿಗಳಿವೆ, ರಿಪೋರ್ಟಿಗೆ ಬೈಂಡಿಂಗೂ ಮಾಡಿಸಿಕೊಡುತ್ತಾರೆ. ಅದೇ ಊರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಗೇಮ್ ಡಿಸೈನಿಗೆ ಸ್ನಾತಕೋತ್ತರ ಪದವಿಯೂ ಇದೆ. ಆದರೆ ಗೇಮ್ ಅನ್ನು ಅಂಗಡಿಯಿಂದ ತಂದರೆ ಪ್ಲೇಟೆಸ್ಟ್‌ನಲ್ಲಿ ಗುಟ್ಟು ರಟ್ಟಾಗುತ್ತದೆ. ಪ್ಲೇಟೆಸ್ಟ್‌ನ ನಿಯಮ ಸರಳ, ಕ್ರೂರ: ಆಡುವವರು ಆಡಬೇಕು, ಮಾಡಿದವನು ಬಾಯಿ ಮುಚ್ಚಿಕೊಂಡು ನೋಡಬೇಕು. ಊರಿಂದ ಬಂದ ಸೋದರತ್ತೆಯ ಕೈಗೆ ಕಂಟ್ರೋಲರ್ ಕೊಟ್ಟರೆ ಅಭಿಮನ್ಯು ಮೂಲೆಯ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತಾನೆ. “ಯಾಕೋ ಹೀಗೆ ಮುನಿಸ್ಕೊಂಡಿದಾನೆ?” ಎಂದು ಅತ್ತೆ. ಬಲಗಡೆ ತಿರುಗಿ ಎಂದು ಹೇಳಬಾರದು. ಅವರು ತಿರುಗದಿದ್ದರೆ ತಪ್ಪು ಬಾಗಿಲಿನದು. ಅದನ್ನು ಬೆಳಕಿನಲ್ಲಿ ಇಡಬೇಕಿತ್ತು.

ಇಷ್ಟೆಲ್ಲ ಆದಮೇಲೆ ಪೋರ್ಟ್‌ಫೋಲಿಯೊ. ಗೇಮ್‌ನಿಂದ ಆನೆ ಕುದುರೆ ಓಡಿಸಿದ ಅದೇ ಹುಡುಗ ಇಲ್ಲಿ ಮೊದಲ ಸೆಮಿಸ್ಟರಿನಲ್ಲಿ ಮಾಡಿದ ಮರದ ಪೆಟ್ಟಿಗೆಯ ತ್ರೀಡಿ ಮಾಡೆಲನ್ನೂ ಬಿಡುವುದಿಲ್ಲ. ವಿಡಿಯೊ ತನ್ನ ಹೆಸರು ಗಿರಗಿರ ತಿರುಗುವುದರಿಂದಲೇ ಆರಂಭ. ನೂರಾರು ಅರ್ಜಿ ನೋಡುವ ಸ್ಟುಡಿಯೋದವರು ಹೆಸರು ನಿಲ್ಲುವವರೆಗೆ ಕಾಯುವವರಲ್ಲ. ಅವರಿಗೆ ಮೊದಲೇ ಆಟ ಕಾಣಬೇಕು, ಜೊತೆಗೆ ಅದರಲ್ಲಿ ಇವನ ಪಾಲೆಷ್ಟು ಎಂಬುದೂ.

ಪಾಲಿನ ಲೆಕ್ಕದಲ್ಲೇ ಪಂಚಾಯ್ತಿ ಏಳುವುದು. ಗೇಮ್ ಮಾಡಿದ್ದು ಇವನೊಬ್ಬನೇ ಅಲ್ಲವಲ್ಲ: ನಾಲ್ಕು ಜನರ ತಂಡ, ನಾಲ್ಕು ಪೋರ್ಟ್‌ಫೋಲಿಯೊ, ನಾಲ್ಕರಲ್ಲೂ ಅದೇ ಚಕ್ರವ್ಯೂಹದ ವಿಡಿಯೊ. ಮೂವರು ‘ಲೀಡ್ ಡಿಸೈನರ್’. ನಾಲ್ಕೂ ಒಂದೇ ಸ್ಟುಡಿಯೋದ ಒಂದೇ ಮೇಜಿಗೆ ಹೋಗುತ್ತವೆ. ನಾಲ್ಕನೆಯವಳು ಮಾತ್ರ ‘ಮೆನು ಮತ್ತು ಸೌಂಡ್ ನನ್ನವು, ಉಳಿದದ್ದು ಗೆಳೆಯರದು’ ಎಂದು ಬರೆದು, ಕೆಳಗೆ ಮೆನುವಿನ ಹಳೆಯ ಕರಡುಗಳನ್ನೂ ಅವು ಬಿದ್ದುಹೋದ ಕಾರಣವನ್ನೂ ಹಾಕಿರುತ್ತಾಳೆ. ಸ್ಟುಡಿಯೋಗೆ ಆ ತಿಂಗಳು ಬೇಕಾಗಿದ್ದದ್ದೂ ಮೆನು ಮಾಡುವವರೇ. ಲೀಡ್ ಡಿಸೈನರ್ ಅವರಲ್ಲಿ ಮೊದಲೇ ಒಬ್ಬರಿದ್ದರು.