ಐನೂರು ಬಾತ್ ಪ್ರಸಂಗ

(ಬೆಂಗಳೂರಿನ ಒಂದು ಹಣ ವಿನಿಮಯ ಕೌಂಟರ್. ಬ್ಯಾಂಕಾಕ್ ನೋಡಿ ಬಂದ ರಾಯರು, ಜೊತೆಗೆ ಶ್ರೀಮತಿಯವರು.)

ರಾಯರು: ತಗೊಳ್ಳಪ್ಪ, 500 ಬಾತ್. ಬೋರ್ಡಲ್ಲಿ ಎರಡು ರೇಟಿದೆ. ದೊಡ್ಡದು ನನಗೆ ತಾನೆ?

ಗುಮಾಸ್ತ: ಅದು ನಾವು ಮಾರೋ ರೇಟು ಸಾರ್. ನಿಮ್ಮಿಂದ ಕೊಳ್ಳೋದು ಚಿಕ್ಕದರಲ್ಲಿ. ಪಾಸ್‌ಪೋರ್ಟ್ ಜೆರಾಕ್ಸ್ ಕೊಡಿ. ಜಿಎಸ್‌ಟಿ 45 ರೂಪಾಯಿ.

ರಾಯರು: ನನ್ನ ದುಡ್ಡು ನನಗೇ ವಾಪಸ್ ಬರೋದಕ್ಕೂ ತೆರಿಗೆಯೇ?

ಗುಮಾಸ್ತ: ಮೊತ್ತದ ಶೇ. 1ನ್ನು ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ ಶೇ. 18. ಆದರೆ ಆ ಬೆಲೆ 250 ರೂಪಾಯಿಗಿಂತ ಕಮ್ಮಿ ಇರೋ ಹಾಗಿಲ್ಲ. ನಿಮ್ಮದು ಹನ್ನೆರಡೋ ಹದಿಮೂರೋ ಆಗುತ್ತೆ, ಲೆಕ್ಕಕ್ಕೆ 250.

ರಾಯರು: 25 ಸಾವಿರ ತಂದವನಿಗೂ 45, ನನಗೂ 45! ಸಂವಿಧಾನ ಹೇಳಿದ ಸಮಾನತೆ ಕೊನೆಗೂ ಇಲ್ಲಿ ಸಿಕ್ಕಿತು ನೋಡು.

ಶ್ರೀಮತಿ: ಚಿಲ್ಲರೆನೂ ಕೊಡ್ರೀ.

(ನಾಣ್ಯ ಸುರಿಯುತ್ತಾರೆ. ಹತ್ತು ಬಾತಿನದು ಥೇಟ್ ನಮ್ಮ ಹತ್ತು ರೂಪಾಯಿ; ಬಣ್ಣ ಮಾತ್ರ ಅದಲುಬದಲು, ನಡುವೆ ಹಳದಿ, ಸುತ್ತ ಬಿಳಿ.)

ಗುಮಾಸ್ತ: ನಾಣ್ಯ ತಗೊಳ್ಳಲ್ಲ ಮೇಡಂ.

ರಾಯರು: ಬಿಡೇ, ನಮ್ಮ ಹತ್ತರ ನಾಣ್ಯಾನೇ ಬೀದಿ ಕೊನೆ ಅಂಗಡಿಯವನು ಮುಟ್ಟಲ್ಲ. ಅಲ್ಲಪ್ಪ, ಮನೇಲಿಟ್ಕೊಂಡರೆ ಯಾರಾದ್ರೂ ದಾಳಿ ಮಾಡ್ತಾರೇನು?

ಗುಮಾಸ್ತ: ನಾಣ್ಯಕ್ಕೆ ಮಿತಿಯೇ ಇಲ್ಲ ಸಾರ್. ನೋಟು 2,000 ಡಾಲರ್ ಬೆಲೆಯಷ್ಟು ಇಟ್ಕೋಬಹುದು. ಮೇಲಿನದನ್ನ ಬಂದ 180 ದಿನದೊಳಗೆ ಒಪ್ಪಿಸಬೇಕು.

ಶ್ರೀಮತಿ: ಅಷ್ಟಿದ್ದಿದ್ರೆ ಅಲ್ಲಿ ಇಬ್ಬರಿಗೂ ಸೇರಿ ಒಂದೇ ಎಳನೀರು ಕೊಡಿಸ್ತಿದ್ರಾ ಇವರು?