ಮೀನು ಬಿಡುವವರು

ಕನ್ನಡಿಗರಿಗೆ ಬಿಡುವ ವಿದ್ಯೆ ಹೊಸದಲ್ಲ. ಅರಳಿಕಟ್ಟೆಯ ಮೇಲೆ ಕೂತು ರೈಲು ಬಿಟ್ಟವರು ನಾವು. ಚುನಾವಣೆಯಲ್ಲಿ ಬುರುಡೆ ಬಿಡುವವರನ್ನು ಗೆಲ್ಲಿಸಿ, ಆಮೇಲೆ ಐದು ವರ್ಷ ಕಣ್ಣುಕಣ್ಣು ಬಿಟ್ಟವರೂ ನಾವೇ. ಕೊನೆಗೊಂದು ದಿನ ಊರನ್ನೇ ಬಿಟ್ಟು, ಹಡ್ಸನ್ ದಂಡೆಯ ಫೋರ್ಟ್ ಲೀಯಲ್ಲಿ ಹದಿನಾಲ್ಕನೇ ಮಹಡಿ ಹತ್ತಿ, ಕಿಟಕಿಯಿಂದ ಸೇತುವೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದೇವೆ. ಇನ್ನು ಬಿಡಲಿಕ್ಕೆ ಏನು ಉಳಿದಿದೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಬಿಲ್ಡಿಂಗಿನ ರಾಯರು ಮೀನು ಬಿಡತೊಡಗಿದರು.

ಬಿಡಬೇಕಾದರೆ ಮೊದಲು ಹಿಡಿಯಬೇಕು. ಅದಕ್ಕೆ ರಾಯರು ನ್ಯೂವಾರ್ಕ್‌ನಲ್ಲಿ ವಿಮಾನ ಹತ್ತಿ ಮಯಾಮಿಯಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಫ್ಲಾರಿಡಾ ಕೀಸ್‌ನ ಐಲಾಮೊರಾಡಕ್ಕೆ ಹೋಗುತ್ತಾರೆ. ಅಲ್ಲಿ ಸಮುದ್ರ ಮೈಲಿಗಟ್ಟಲೆ ಮೊಣಕಾಲುದ್ದ. ನೀರು ಬೆಚ್ಚಗೆ, ತಳ ಕನ್ನಡಿಯಷ್ಟು ನಿಚ್ಚಳ. ದೋಣಿ, ಗೈಡ್, ಒಂದು ದಿನ: ಎಂಟುನೂರು ಡಾಲರಿನ ಆಸುಪಾಸು. ಮೇಲೆ ಟಿಪ್ಸು. ಈ ವಿದ್ಯೆಗೆ ಫ್ಲೈ ಫಿಶಿಂಗ್ ಎಂದು ಹೆಸರು. ಕನ್ನಡದಲ್ಲಿ ನೊಣ ಮೀನುಗಾರಿಕೆ ಅನ್ನಬಹುದೇನೋ. ಗಿರಾಕಿಯಿಲ್ಲದ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತವರನ್ನು ಕಂಡಿದ್ದೇನೆ. ದುಡ್ಡು ಕೊಟ್ಟು ನೊಣ ಬೀಸುವವರನ್ನು ಕಂಡದ್ದು ಇದೇ ಮೊದಲು.

ಈ ನೊಣ ನಿಜದ ನೊಣವಲ್ಲ. ಕೊಕ್ಕೆಗೆ ಗರಿ, ರೋಮ, ಮಿನುಗು ದಾರ ಸುತ್ತಿ ಸೀಗಡಿಯ ವೇಷ ಹಾಕಿದ ಮೋಸ. ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಕತ್ತಿನ ಗರಿಯೂ ಒಂದು ಕಾಲದಲ್ಲಿ ಬ್ರಿಟಿಷ್ ದೊರೆಗಳ ಸಾಲ್ಮನ್ ನೊಣಗಳನ್ನು ಸಿಂಗರಿಸಲು ಹಡಗು ಹತ್ತುತ್ತಿತ್ತು. ಆ ಮಟ್ಟಿಗೆ ಊರು ಬಿಟ್ಟವರಲ್ಲಿ ನಮಗಿಂತ ಕಾಡುಕೋಳಿಯೇ ಹಿರಿಯ.

ರಾಯರು ಹುಟ್ಟು ಸಸ್ಯಾಹಾರಿ, ಶೃಂಗೇರಿ ಕಡೆಯವರು. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ತುಂಗೆಯ ಮೆಟ್ಟಿಲಿಳಿದು, ದೇವರ ಮೀನುಗಳಿಗೆ ಮಂಡಕ್ಕಿ ಎಸೆದ ಕೈ ಅದು. ಈಗಲೂ ಅದೇ ಕೈ ಎಸೆಯುತ್ತಿದೆ. ಮಂಡಕ್ಕಿಯೊಳಗೆ ಕೊಕ್ಕೆ ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. "ತಿನ್ನೋದಿಲ್ಲ ಕಣ್ರೀ, ಹಿಡಿದು ಬಿಡ್ತೀವಿ. ಹಿಂಸೆಯೇ ಇಲ್ಲ" ಎನ್ನುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಮೀನುಗಾರಿಕೆ ಎನ್ನಿ.

ನಾನು ಗಂಗೊಳ್ಳಿಯವ, ಅಳಿವೆಯ ಬಾಯಲ್ಲಿ ಬೆಳೆದವ. ಮೀನಿನ ಬುಟ್ಟಿ ಹೊತ್ತ ಹೆಂಗಸು ಬಸ್ಸು ಹತ್ತಿದೊಡನೆ ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುತ್ತಿದ್ದ ಮಂದಿಯನ್ನು ದಿನಾ ಕಂಡವನು. ಅಂಥ ಮೂಗಿನ ವಾರಸುದಾರರು ಈಗ ಒದ್ದೆ ಮೀನನ್ನು ಬಾಣಂತಿಮನೆಯ ಕೂಸಿನಂತೆ ಎರಡು ಕೈಯಲ್ಲಿ ಎತ್ತಿ ಫೋಟೋ ಹಿಡಿಸಿಕೊಳ್ಳುವಾಗ, ಆ ಬುಟ್ಟಿಯ ಹೆಂಗಸಿಗೂ ಎಂಟುನೂರು ಡಾಲರ್ ರೇಟಿತ್ತೆಂದು ಯಾರಾದರೂ ಹೇಳಿದ್ದರೆ ಒಂದು ಸೀಟಾದರೂ ಸಿಗುತ್ತಿತ್ತಲ್ಲ ಅನ್ನಿಸುತ್ತದೆ.

ಬೇಟೆಯ ವರ್ಣನೆ ರಾಯರ ಬಾಯಲ್ಲೇ ಕೇಳಬೇಕು. ದೋಣಿಯ ಹಿಂಬದಿಗೆ ಒಂದು ಅಟ್ಟಣಿಗೆ. ಅದರ ಮೇಲೆ ಗೈಡ್ ನಿಂತು ಉದ್ದನೆ ಜಲ್ಲೆ ಊರಿ ದೋಣಿ ತಳ್ಳುತ್ತಾನೆ. ಎಂಜಿನ್ ಬಂದ್, ಮಾತು ಬಂದ್. ರಾಯರು ಮುಂಬದಿಯಲ್ಲಿ, ಕೈಯಲ್ಲಿ ಕೋಲು, ಕಾಲಬುಡದಲ್ಲಿ ಸುರುಳಿ ದಾರ. ಗೈಡ್ ಪಿಸುಗುಟ್ಟುತ್ತಾನೆ: "ಹನ್ನೊಂದು ಗಂಟೆ, ನಲವತ್ತು ಅಡಿ." ಮೊದಲ ದಿನ ರಾಯರು ಗಡಿಯಾರ ನೋಡಿಕೊಂಡರಂತೆ. ಒಂಬತ್ತೂವರೆಯಾಗಿತ್ತು. ದೋಣಿಯ ಮೂತಿಯೇ ಹನ್ನೆರಡು ಗಂಟೆ, ಉಳಿದದ್ದು ಅದರ ಎಡ-ಬಲ ಎಂದು ತಿಳಿಯುವಷ್ಟರಲ್ಲಿ ಮೀನು ಬೇರೆ ಟೈಮ್ ಝೋನಿಗೆ ಹೋಗಿತ್ತು.

ಮೀನಿನ ಹೆಸರು ಬೋನ್‌ಫಿಶ್. ಮೈತುಂಬ ಮುಳ್ಳು, ಬಣ್ಣ ನೀರಿನದೇ. ಅಲ್ಲಿನವರು ಬೂದು ದೆವ್ವ ಎನ್ನುತ್ತಾರೆ. ಗೈಡ್‌ಗೆ ಬಾಲ, ನೆರಳು, ಕಣ್ಣು ಎಲ್ಲವೂ ಕಾಣುತ್ತದೆ. ನಾನೂರು ಡಾಲರಿನ ಕನ್ನಡಕ ಹಾಕಿದ ರಾಯರಿಗೆ ನೀರು ಕಾಣುತ್ತದೆ. ಹಾಗಾಗಿ ಗೈಡ್ ನೋಡಿ, ಗೈಡ್ ದೋಣಿ ತಿರುಗಿಸಿ, "ಈಗ ಬೀಸು, ನಿಲ್ಲಿಸು, ಎಳೆ" ಎಂದು ಗೈಡೇ ಹೇಳಿ, ರಾಯರು ಎಳೆದರು. ಮೀನು ನೂರು ಗಜ ಓಡಿತು. ಆಮೇಲೆ ದಣಿಯಿತು. ಕಣ್ಣು ಗೈಡ್‌ದು, ಬುದ್ಧಿ ಗೈಡ್‌ದು, ಬೆನ್ನುನೋವು ಗೈಡ್‌ದು. ಮೀನು ರಾಯರದು. ಆಫೀಸಿನಲ್ಲಿ ಇಪ್ಪತ್ತು ವರ್ಷ ಮ್ಯಾನೇಜರ್ ಆಗಿದ್ದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಗೈಡ್‌ಗಳ ಹೆಸರು ಉಳಿಯುವುದೇ ಇಲ್ಲವೆಂದಲ್ಲ. ಬಹಾಮಾಸ್‌ನ ಆಂಡ್ರೋಸ್ ದ್ವೀಪದ ಗೈಡ್ ಚಾರ್ಲಿ ಸ್ಮಿತ್ ಹೆಸರು ಜಗತ್ತಿನ ಬೋನ್‌ಫಿಶ್ ಬೇಟೆಗಾರರ ಪೆಟ್ಟಿಗೆಯಲ್ಲೆಲ್ಲ ಇದೆ: 'ಕ್ರೇಜಿ ಚಾರ್ಲಿ' ಎಂಬ ನೊಣವಾಗಿ. ಗಿರಾಕಿಯ ಹೆಸರು ಫೋಟೋದ ಕೆಳಗೆ. ಗೈಡ್‌ನ ಹೆಸರು ಕೊಕ್ಕೆಯ ತುದಿಗೆ, ಅದೂ ಹುಚ್ಚನೆಂಬ ಬಿರುದಿನೊಂದಿಗೆ.

ಫೋಟೋ ಆಯಿತು, ಮೀನಿಗೆ ಜೀವದಾನ ಆಯಿತು. ಅಷ್ಟರಲ್ಲಿ ಆಳದ ಕಡೆಯಿಂದ ಒಂದು ಲೆಮನ್ ಶಾರ್ಕ್ ಬಂತು. ದಣಿದ ಬೋನ್‌ಫಿಶ್‌ನ ವಾಸನೆ ಅದಕ್ಕೆ ಊಟದ ಗಂಟೆ. ನೀರು ಒಮ್ಮೆ ಕಲಕಿತು. "ಛೆ!" ಎಂದೆ ಕತೆ ಕೇಳುತ್ತಿದ್ದ ನಾನು. ರಾಯರು ಶಾಂತವಾಗಿ ಹೇಳಿದರು: "ನಾವು ಬಿಟ್ಟಾಗಿತ್ತಲ್ಲ. ಅದು ಅದರ ಪ್ರಾರಬ್ಧ." ಅಂದಹಾಗೆ ಫ್ಲಾರಿಡಾದಲ್ಲಿ ಬೋನ್‌ಫಿಶ್ ಹಿಡಿದವರು ಬಿಡಲೇಬೇಕೆಂಬ ಕಾನೂನಿದೆ. ರಾಯರದು ಸರ್ಕಾರ ಹೇಳಿ ಮಾಡಿಸಿದ ದಾನ.

ಆ ಫೋಟೋವನ್ನು ಊರಿಗೆ ಕಳಿಸಿದೆ. ಅಮ್ಮ ವಿಡಿಯೋ ಕಾಲ್ ಮಾಡಿದಳು.

"ಮೀನ್ ಲಾಯ್ಕಿತ್ತ್. ಸಾರ್ ಮಾಡಿರಾ?"

"ಇಲ್ಲೆ ಅಮ್ಮ, ಬಿಟ್ಟ್ ಬಂದ್ರ್."

"ಬಿಡುಕೆ ಅಷ್ಟ್ ದೂರ ಹೋಯ್ಕಾ ಮಗಾ? ಹಿಡಿದೆ ಇದ್ರೆ ಆತಿಲ್ಯಾ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಗಾದೆಗೆ ಇಷ್ಟು ಖರ್ಚಿನ ಉದಾಹರಣೆ ಅವಳಿಗೆ ಹಿಂದೆ ಸಿಕ್ಕಿರಲಿಲ್ಲ. ನಮ್ಮ ಕಡಲಿನಲ್ಲೂ ಮೀನು ಬಿಡುವ ಕಾಲವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡಲಿ ಎಂದು ಬಂದರು ಪೂರ್ತಿ ಕೈಕಟ್ಟಿ ಕೂತು ಸಾಲ ಮಾಡುತ್ತದೆ. ಅದಕ್ಕೆ ಯಾರೂ ಫೋಟೋ ತೆಗೆಸಿಕೊಂಡದ್ದಿಲ್ಲ. ಬಲೆ ನೇಯುತ್ತ ಕೂತವನ ಫೋಟೋಕ್ಕೆ ಲೈಕ್ ಬರುವುದಿಲ್ಲ.

ಇದೆಲ್ಲ ಅಮೆರಿಕದ ಕಾಯಿಲೆ ಎನ್ನುವಂತೆಯೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಸತ್ತ ಹುಲಿಗೆ ಜೀವಕಳೆ ತುಂಬುವುದರಲ್ಲಿ ಹೆಸರಾದ ಅದೇ ಮನೆತನ, ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದರು. ಆಮೇಲೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಪರದೇಶದವರು ಬಂದು ಕಾವೇರಿಯ ಮಹಶೀರ್ ಹಿಡಿದು, ತೂಗಿ, ಬಿಟ್ಟು ಹೋಗುತ್ತಿದ್ದರು. ವನ್ಯಧಾಮದ ಕಾನೂನು ಬಿಗಿಯಾಗಿ ಆ ಆಟ ನಿಂತಿತು. ಆದರೆ ನ್ಯಾಯ ಹೇಳಬೇಕು: ಗಾಳಿಬೋರೆಯವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕದಿಂದಲೇ ಕಾವೇರಿಯ ಡುಬ್ಬದ ಮಹಶೀರ್ ಕಾಣೆಯಾಗುತ್ತಿದೆ ಎಂದು ವಿಜ್ಞಾನಿಗಳು ತೋರಿಸಿದ್ದು. ಅಂದರೆ ಬಿಡುವವರೂ ಲೆಕ್ಕ ಇಟ್ಟರೆ ಮೀನಿನ ಉಪಯೋಗಕ್ಕೆ ಬರುತ್ತಾರೆ. ರಾಯರೂ ಲೆಕ್ಕ ಇಡುತ್ತಾರೆ. ಕಳೆದ ಫೋಟೋಗೆ 212 ಲೈಕು.

ಇನ್ನು ನಮ್ಮ ಮನೆಬಾಗಿಲ ನದಿ. ಫೋರ್ಟ್ ಲೀಯ ಹೆಸರು ಲೋಕಕ್ಕೆ ಗೊತ್ತಾದದ್ದು 2013ರ ಸೆಪ್ಟೆಂಬರಿನಲ್ಲಿ, ರಾಜಕೀಯ ಸೇಡಿಗೆ ಸೇತುವೆಯ ಲೇನು ಮುಚ್ಚಿ ಊರಿಗೇ ದಾರಿ ಬಿಡದಿದ್ದಾಗ. ಆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡದಲ್ಲೇ ರಾಸ್ ಡಾಕ್. ಹಡ್ಸನ್ ಇಲ್ಲಿ ಅರ್ಧ ನದಿ, ಅರ್ಧ ಕಡಲು. ಉಬ್ಬರವಿಳಿತ ಟ್ರಾಯ್ ನಗರದವರೆಗೂ ಏರುತ್ತದೆ. ವಸಂತದಲ್ಲಿ ಪಟ್ಟೆಪಟ್ಟೆಯ ಸ್ಟ್ರೈಪ್ಡ್ ಬಾಸ್ ಮೊಟ್ಟೆಯಿಡಲು ಕಡಲಿನಿಂದ ಮೇಲಕ್ಕೆ ಬರುತ್ತದೆ. ಕಟ್ಟೆಗೆ ಕೋಲು ಒರಗಿಸಿ, ತುದಿಗೆ ಪುಟ್ಟ ಗೆಜ್ಜೆ ಕಟ್ಟಿ, ಎರೆಹುಳ ಚುಚ್ಚಿ, ಬಕೆಟ್ ಪಕ್ಕಕ್ಕಿಟ್ಟು ಕಾಯುವವರು ಇಲ್ಲಿದ್ದಾರೆ. ಇವರು ತಿನ್ನಲು ಹಿಡಿಯುವವರು. ಗೈಡಿಲ್ಲ, ಗಂಟೆ ಹೇಳುವವರಿಲ್ಲ.

ಇವರಿಗೆ ಸರ್ಕಾರದ ಎಚ್ಚರಿಕೆ ಇದೆ: ಯಾವ ಮೀನು ಎಷ್ಟು ಸಲ ತಿನ್ನಬಹುದು, ಯಾವುದು ಬೇಡ, ಹೆಂಗಸರು ಮಕ್ಕಳಿಗೆ ಇನ್ನೂ ಬಿಗಿ. ಏಕೆಂದರೆ ಇಲ್ಲಿ ಬಿಟ್ಟವರು ಬೇರೆ ಇದ್ದಾರೆ. ಮೇಲ್ದಂಡೆಯ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗಳು 1947ರಿಂದ 1977ರವರೆಗೆ ಈ ನೀರಿಗೆ ಬಿಟ್ಟ ಪಿಸಿಬಿ ಎಂಬ ವಿಷ ರಾಸಾಯನಿಕ ಸುಮಾರು 13 ಲಕ್ಷ ಪೌಂಡಿನವರೆಗೆ ಎಂದು ಅಂದಾಜು. ಬಿಟ್ಟದ್ದನ್ನು ಹಿಡಿಯಲು ಹೂಳೆತ್ತತೊಡಗಿದ್ದು 2009ರಲ್ಲಿ. ಬಿಟ್ಟು ಹಿಡಿಯುವ ಈ ಕ್ರೀಡೆಗೂ ಗೈಡ್‌ಗಳಿದ್ದರು, ವಕೀಲರೆಂದು ಕರೆಯುತ್ತಾರೆ. ಹೀಗಾಗಿ ಹಸಿದವನ ಗಾಳಕ್ಕೆ ತಿನ್ನಬಾರದ ಮೀನು, ಹೊಟ್ಟೆ ತುಂಬಿದವನ ಗಾಳಕ್ಕೆ ತಿನ್ನದ ಮೀನು.

ಮೊನ್ನೆ ಮೇ ತಿಂಗಳ ಸಂಜೆ ರಾಯರು ತಮ್ಮ ಕೋಲು ತಂದು ರಾಸ್ ಡಾಕ್‌ನಲ್ಲಿ ಬೀಸುವ ಅಭ್ಯಾಸ ನಡೆಸಿದ್ದರು. ಬಕೆಟ್ಟಿನ ಮುದುಕರೊಬ್ಬರಿಗೆ ಹಿಡಿದು ಬಿಡುವ ಧರ್ಮವನ್ನೂ ಬೋಧಿಸುತ್ತಿದ್ದರು. ಬಿಟ್ಟ ಸ್ಟ್ರೈಪ್ಡ್ ಬಾಸ್‌ನಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಎಂದು ಮೀನುಗಾರಿಕೆ ಆಯೋಗವೇ ಲೆಕ್ಕ ಹಿಡಿಯುತ್ತದೆ ಎಂದು ನಾನು ನೆನಪಿಸಿದೆ. "ಮಿಕ್ಕ ತೊಂಬತ್ತೊಂದಕ್ಕೆ ಪುಣ್ಯ ಬರುತ್ತಲ್ಲ" ಎಂದರು.

ಆಗ ಮುದುಕರ ಗೆಜ್ಜೆ ಕುಣಿಯಿತು. ಹತ್ತು ನಿಮಿಷ ಎಳೆದಾಡಿ ಮೀನನ್ನು ಕಟ್ಟೆಗೆ ತಂದರು. ಒಳ್ಳೆಯ ಮೀನು, ಒಂದು ಮನೆಗೆ ಎರಡು ಹೊತ್ತಿನ ಊಟ. ಜೇಬಿನಿಂದ ಟೇಪು ತೆಗೆದು ಅಳೆದರು. 2023ರಿಂದ ಇಲ್ಲಿ 28ರಿಂದ 31 ಇಂಚಿನೊಳಗಿನದು ಒಂದನ್ನಷ್ಟೇ ಒಯ್ಯಬಹುದು. ಇದು 27. ಇನ್ನೊಮ್ಮೆ ಅಳೆದರು. ಬಕೆಟ್ಟಿನತ್ತ ನೋಡಿದರು. ಮಂಡಿಯೂರಿ, ಬಾಲ ಹಿಡಿದು ನೀರಿನಲ್ಲಿ ಹಿಂದೆಮುಂದೆ ಆಡಿಸಿ, ಅದಕ್ಕೆ ಉಸಿರು ಬಂದ ಮೇಲೆ ಬಿಟ್ಟರು. ಪ್ಯಾಂಟಿಗೆ ಕೈ ಒರೆಸಿಕೊಂಡು ಹೊಸ ಹುಳ ಚುಚ್ಚಿದರು.

ರಾಯರು ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಪೆದ್ದ ಮುದುಕ. ಒಂದೇ ಇಂಚು ತಾನೆ? ಯಾರು ನೋಡ್ತಿದ್ರು?"