ರೌಟರ್ ಮೀಮಾಂಸೆ: ಯಂಕಂಚಿ ಪಾಠಾಂತರ

ಮಂಗಳಾಚರಣೆ: ಹಸಿರು ದೀಪ ಮಿಣುಕುತ್ತಿರಲಿ, ಕೆಂಪು ದೀಪ ಹತ್ತದಿರಲಿ, ಇನ್ವರ್ಟರ್ ಕೈಬಿಡದಿರಲಿ.

ವಿಷಯ: ಸಿಂದಗಿ ತಾಲ್ಲೂಕಿನ ಯಂಕಂಚಿಯ ಒಂದು ಮನೆಯಲ್ಲಿ, ಜೋಳದ ಚೀಲಗಳ ಪಕ್ಕ ಹಳೇ ಕಂಪ್ಯೂಟರನ್ನು ಸರ್ವರ್ ಎಂದು ಪ್ರತಿಷ್ಠಾಪಿಸಿ, ಜಾತ್ರೆಯ ವಿಡಿಯೊಗಳನ್ನು ತುಂಬಿದ್ದಾರೆಂದು ಭಾವಿಸೋಣ. ಪುಣೆಯಿಂದ ಕಾಕಾನ ದೂರು: “ತಮ್ಮಾ, ಬರೇ ಗಿರಗಿರ ತಿರಗಾಕತ್ತೈತಿ.” ಉತ್ತರ: “ನಮ್ಮ ಮನ್ಯಾಗ ಛಲೋ ಬರಾಕತ್ತೈತ್ರಿ ಕಾಕಾ.” ಎರಡೂ ವಾಕ್ಯ ಏಕಕಾಲಕ್ಕೆ ಸತ್ಯವಾಗುವುದು ಹೇಗೆಂಬುದೇ ಈ ಶಾಸ್ತ್ರದ ಜಿಜ್ಞಾಸೆ.

ಸೂತ್ರ 1: ಮನೆಯಲ್ಲಿ ಕಂಡದ್ದು ಪ್ರಮಾಣವಲ್ಲ.
ಭಾಷ್ಯ: 192.168ರಿಂದ ಶುರುವಾಗುವ ವಿಳಾಸಗಳನ್ನು 1996ರ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 1918 ಒಳಬಳಕೆಗೆಂದೇ ಬಿಟ್ಟುಕೊಟ್ಟಿದೆ. ಹೊಸ್ತಿಲಾಚೆ ಅವು ಚಲಾವಣೆಯಾಗವು. ಮನೆಯ ವೈಫೈಯಲ್ಲೇ ಕೂತು ‘ಸರ್ವರ್ ಓಡುತ್ತಿದೆ’ ಎನ್ನುವವನು, ಗೋಳಗುಮ್ಮಟದೊಳಗೆ ತನ್ನ ದನಿ ಮಾರ್ದನಿಸಿತೆಂದು ಅದು ಸಿಂದಗಿಗೂ ಕೇಳಿಸಿತೆಂದು ವಾದಿಸುವವನಂತೆ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನೋಡತಕ್ಕದ್ದು.

ಸೂತ್ರ 2: ವಿಳಾಸವು ಚಂಚಲ.
ಭಾಷ್ಯ: ಕರೆಂಟ್ ಹೋಗಿ ಬಂದಾಗ, ನಿನ್ನೆ 192.168.1.10 ಇದ್ದ ಸರ್ವರ್‌ಗೆ ರೌಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಇಂದು 14 ಕೊಟ್ಟೀತು. ಹೊರಗಿನ ಕರೆಯನ್ನು ಒಳಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾತ್ರ ಪರಮ ನಿಷ್ಠೆಯಿಂದ 10ಕ್ಕೇ ಕಳಿಸುತ್ತದೆ. ಅಲ್ಲೀಗ ಟಿವಿ ಕೂತಿರುತ್ತದೆ. ಸರ್ವರ್‌ನ ವಿಳಾಸವನ್ನು ರೌಟರ್‌ನಲ್ಲಿ ಕಾಯ್ದಿರಿಸುವುದೇ ಪ್ರಾಯಶ್ಚಿತ್ತ.

ಸೂತ್ರ 3: ಕಾವಲಿಗೆ ಇಬ್ಬರು.
ಭಾಷ್ಯ: ರೌಟರ್‌ನಲ್ಲಿ ಒಂದು ಫೈರ್‌ವಾಲ್, ಕಂಪ್ಯೂಟರಿನಲ್ಲಿ ಇನ್ನೊಂದು. ಎರಡನೆಯದರ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ. ಏಕೆಂದರೆ ಯಾರೂ ಅದನ್ನು ತೆಗೆದು ನೋಡಿಲ್ಲ.

ಸೂತ್ರ 4: ನಿನ್ನ ವಿಳಾಸ ನಿನ್ನದಲ್ಲ.
ಭಾಷ್ಯ: ಇದು ವೈರಾಗ್ಯವಲ್ಲ, ಲೆಕ್ಕ. ಐಪಿವಿ4ರಲ್ಲಿರುವುದು ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರುವರಿಯಲ್ಲಿ ಜಾಗತಿಕ ಉಗ್ರಾಣವೇ ಬರಿದಾಯಿತು. 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳ ಸಾಮೂಹಿಕ ನ್ಯಾಟ್‌ಗೆ (ಹಲವು ಮನೆಗಳನ್ನು ಒಂದೇ ವಿಳಾಸದಡಿ ಕೂಡಿಸುವ ವ್ಯವಸ್ಥೆಗೆ) ಮೀಸಲಿಟ್ಟರು. ರೌಟರ್ ಪುಟದ ವ್ಯಾನ್ ವಿಳಾಸ (ರೌಟರ್‌ಗೆ ಕಂಪನಿ ಕೊಟ್ಟದ್ದು) ಇವುಗಳಲ್ಲೊಂದಾಗಿದ್ದರೆ, ಹೊರಗೆ ಕಾಣುವ ವಿಳಾಸ ಹಲವು ಮನೆಗಳ ಪಾಲಿನದು. ಆಗ ರೌಟರ್‌ನ 65,535 ಪೋರ್ಟ್‌ಗಳನ್ನೂ ತೆರೆದಿಟ್ಟರೂ ಮೇಲಿನ ನ್ಯಾಟ್‌ಗೆ ಸುದ್ದಿ ಮುಟ್ಟದು.

ಸಿದ್ಧಾಂತ: ಪ್ರಾಚೀನರು ನಾಲ್ಕನೆಯ ಸೂತ್ರವನ್ನು ಕೊನೆಗಿಟ್ಟದ್ದು, ಎಲ್ಲರೂ ದಣಿದ ಮೇಲೆ ಅಲ್ಲಿಗೆ ಬರುತ್ತಾರೆಂಬ ಒಂದೇ ಕಾರಣಕ್ಕೆ. ಯಂಕಂಚಿ ಪಾಠದಲ್ಲಿ ಅದನ್ನೇ ಮೊದಲು ಪಠಿಸತಕ್ಕದ್ದು: ವ್ಯಾನ್ ವಿಳಾಸವೂ ಹೊರಗೆ ಕಾಣುವ ವಿಳಾಸವೂ ಒಂದೇ ಆದರೆ ಮಾತ್ರ ಮಿಕ್ಕ ಸೂತ್ರಗಳಿಗೆ ಅರ್ಥ. ಬೇರೆಯಾದರೆ ಮೂರು ಮಾರ್ಗ: ದುಡ್ಡು ತೆತ್ತು ಸ್ಟ್ಯಾಟಿಕ್ ಐಪಿ ಪಡೆಯುವುದು, ಎರಡೂ ಕಡೆ ಐಪಿವಿ6 ಇದ್ದರೆ ಅದನ್ನು ಹಿಡಿಯುವುದು, ಇಲ್ಲವೇ ಸರ್ವರೇ ಒಳಗಿನಿಂದ ಹೊರಟು ಹೊರಗಿನ ಯಂತ್ರವೊಂದಕ್ಕೆ ಟನಲ್ ಕಟ್ಟುವುದು.

ಫಲಶ್ರುತಿ: ಇದನ್ನು ಪಠಿಸಿದವನ ಕಾಕಾನಿಗೆ ತೇರು ಕಂಡೀತು. ಪಠಿಸದೆ, ದೂರದಿಂದ ಲಾಗಿನ್ ಆಗುವ 22ನೇ ಪೋರ್ಟ್ ತೆರೆದು, ಊರ ಹೆಸರನ್ನೇ ಪಾಸ್‌ವರ್ಡ್ ಮಾಡಿದವನ ಜಾತ್ರೆಗೆ ಕಾಕಾನಿಗಿಂತ ಮೊದಲು ಲೋಕದ ನಾನಾ ದೇಶಗಳ ಬಾಟ್‌ಗಳು ಬಂದಿಳಿಯುವವು.